ನಿಂತುಹೋದ ಟೆಸ್ಟ್‌ನ ಲಾಗ್ ಕಳೆಯದಂತೆ ನೋಡಿಕೊಳ್ಳಿ

ಮಾನ್ಯ ಸಂಪಾದಕರೆ,

ಕಬ್ಬಿನ ತೂಕದ ಕಾಟಾ, ಪತ್ತಿನ ಸಹಕಾರಿ ಸಂಘದ ಬಡ್ಡಿ ಲೆಕ್ಕ, ಆಸ್ಪತ್ರೆಯ ಬಿಲ್ಲು, ಎಪಿಎಂಸಿ ಅಂಗಡಿಯ ಖಾತೆ: ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದಲ್ಲಿ ಇವೆಲ್ಲ ಈಗ ಸಾಫ್ಟ್‌ವೇರ್ ನಂಬಿಕೊಂಡು ನಡೆಯುತ್ತಿವೆ. ಇವನ್ನು ಬರೆಯುವವರಲ್ಲಿ ಇಲ್ಲಿಯೇ ಓದಿ ಇಲ್ಲಿಯೇ ಉಳಿದ ಹುಡುಗ ಹುಡುಗಿಯರೂ ಇದ್ದಾರೆ. ಕೋಡ್ ಬದಲಾದಾಗಲೆಲ್ಲ, ಅದು ಸರಿಯಿದೆಯೇ ಎಂದು ಪರೀಕ್ಷಿಸುವ ಸಣ್ಣ ಪ್ರೋಗ್ರಾಮುಗಳಾದ ಎಲ್ಲ ಟೆಸ್ಟ್‌ಗಳನ್ನೂ ತಾನೇ ಓಡಿಸಿ ನೋಡುವ ವ್ಯವಸ್ಥೆ ಸಣ್ಣ ಕಂಪನಿಗಳಿಗೂ ಬಂದಿರುವುದು ಸಂತೋಷ. ಆದರೆ ಈ ವ್ಯವಸ್ಥೆಯಲ್ಲಿ ಒಂದು ಲೋಪ ಹಾಗೆಯೇ ಉಳಿದುಕೊಂಡಿದೆ. ಟೆಸ್ಟ್ ತಪ್ಪು ಉತ್ತರ ಕೊಟ್ಟು ಫೇಲಾದರೆ ಪುಟಗಟ್ಟಲೆ ಲಾಗ್, ಅಂದರೆ ಪ್ರೋಗ್ರಾಮ್ ಓಡುತ್ತ ಬರೆದಿಟ್ಟ ದಾಖಲೆ, ಸಿಗುತ್ತದೆ. ಅದೇ ಟೆಸ್ಟ್ ಎಲ್ಲೋ ಸಿಕ್ಕಿಹಾಕಿಕೊಂಡು ಟೈಮ್‌ಔಟ್ ಆದರೆ ‘ಅವಧಿ ಮೀರಿತು’ ಎಂಬ ಒಂದು ಸಾಲಿನ ಹೊರತು ಏನೂ ಸಿಗುವುದಿಲ್ಲ. ಕಾರಣ ಹುಡುಕುವುದು ಅತ್ಯಂತ ಕಷ್ಟವಾಗುವ ಹೊತ್ತಿನಲ್ಲೇ ಸಾಕ್ಷಿ ಕೈಗೆ ಸಿಗದಂತಾಗುತ್ತದೆ.

ಆಮೇಲೆ ಏನಾಗುತ್ತದೆ ಎಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ‘ರೀರನ್ ಕೊಡು’ ಅನ್ನುತ್ತಾರೆ. ಎರಡನೇ ಸಲ ಪಾಸಾದರೆ ಅಲ್ಲಿಗೆ ಮುಗಿಯಿತು. ಮತ್ತೆ ಟೈಮ್‌ಔಟ್ ಆದರೆ ಗಡುವನ್ನು 10 ನಿಮಿಷದಿಂದ 20ಕ್ಕೆ ಏರಿಸುತ್ತಾರೆ. ಎರಡರಿಂದಲೂ ದೋಷ ಎಲ್ಲಿದೆ ಎಂದು ತಿಳಿಯುವುದಿಲ್ಲ. ಟೆಸ್ಟ್‌ನಲ್ಲಿ ಒಮ್ಮೊಮ್ಮೆ ಮಾತ್ರ ನಿಲ್ಲುವ ಕೋಡ್, ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಂತಾಗಲೂ ಒಮ್ಮೊಮ್ಮೆ ನಿಲ್ಲುತ್ತದೆ. ಅಲ್ಲಿ ರೀರನ್ ಗುಂಡಿ ಇರುವುದಿಲ್ಲ.

ಈ ಲಾಗ್ ಕಳೆಯುವುದಕ್ಕೆ ಖಚಿತ ಕಾರಣಗಳಿವೆ, ಖಚಿತ ಪರಿಹಾರಗಳೂ ಇವೆ. ನಿಮ್ಮ ಓದುಗರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಅಧ್ಯಾಪಕರು, ಸಣ್ಣ ಕಂಪನಿ ನಡೆಸುವವರು ಇರುವುದರಿಂದ ತುಸು ವಿವರವಾಗಿಯೇ ಬರೆಯುತ್ತಿದ್ದೇವೆ.

ಹೆಚ್ಚಿನ ಲಾಗ್ ಕಳೆಯುವುದು ಪ್ರೋಗ್ರಾಮಿನ ಒಳಗೇ, ಬಫರ್‌ನಲ್ಲಿ, ಅಂದರೆ ಬರೆದದ್ದನ್ನು ಹೊರಗೆ ಕಳಿಸುವ ಮುಂಚೆ ಕೂಡಿಡುವ ಮೆಮೊರಿಯಲ್ಲಿ. ಲ್ಯಾಪ್‌ಟಾಪಿನ ಟರ್ಮಿನಲ್‌ನಲ್ಲಿ ಓಡಿಸಿದಾಗ ಪ್ರಿಂಟ್ ಮಾಡಿದ ಸಾಲು ಆಗಿಂದಾಗಲೇ ಕಾಣುತ್ತದೆ. ಅದೇ ಪ್ರೋಗ್ರಾಮನ್ನು ಬಿಲ್ಡ್ ಸರ್ವರ್, ಅಂದರೆ ಟೆಸ್ಟ್‌ಗಳನ್ನು ತಾನೇ ಓಡಿಸುವ ಯಂತ್ರ, ಓಡಿಸುವಾಗ ಔಟ್‌ಪುಟ್ ಹೋಗುವುದು ಪೈಪ್‌ಗೆ (ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಸಾಗಿಸುವ ದಾರಿ) ಅಥವಾ ಫೈಲ್‌ಗೆ. ಆಗ ಲೈಬ್ರರಿ ತನ್ನ ನಡವಳಿಕೆಯನ್ನೇ ಬದಲಿಸುತ್ತದೆ. ಸೀಟು ತುಂಬುವ ತನಕ ಹೊರಡದ ಟಂಟಂನಂತೆ, ಬಫರ್ ತುಂಬುವವರೆಗೆ ಒಂದು ಸಾಲನ್ನೂ ಹೊರಗೆ ಕಳಿಸುವುದಿಲ್ಲ. ಪೈಥಾನ್‌ನಲ್ಲಿ ಈ ಬಫರ್ ಬಹುಕಾಲದಿಂದ 8,192 ಬೈಟ್. ಲಿನಕ್ಸ್‌ನಲ್ಲಿ ಸಿ ಪ್ರೋಗ್ರಾಮಿನ ಔಟ್‌ಪುಟ್ ಪೈಪ್‌ಗೆ ಹೋಗುವಾಗ ಸಾಮಾನ್ಯವಾಗಿ 4,096 ಬೈಟ್. ಒಂದು ಸಾಲಿಗೆ 80 ಬೈಟ್ ಎಂದು ಹಿಡಿದರೂ ಪೈಥಾನ್‌ನಲ್ಲಿ ಸುಮಾರು ನೂರು ಸಾಲು ಒಳಗೇ ಕೂತಿರುತ್ತವೆ. ಟೆಸ್ಟ್ ಎಲ್ಲಿ ನಿಂತಿತು ಎಂದು ಹೇಳಬೇಕಾದವು ಆ ಕೊನೆಯ ನೂರು ಸಾಲುಗಳೇ. ಗಡುವು ಮುಗಿದು ಪ್ರೋಸೆಸ್ ಅನ್ನು, ಅಂದರೆ ಓಡುತ್ತಿರುವ ಪ್ರೋಗ್ರಾಮನ್ನು, ಕೊಂದರೆ ಬಫರ್ ಕೂಡ ಅದರ ಜೊತೆಗೇ ಹೋಗುತ್ತದೆ. ಇದಕ್ಕಿಂತ ಕೆಟ್ಟದ್ದೂ ಒಂದಿದೆ: ಹೊರಗೆ ಬಂದ ಲಾಗ್‌ನ ಕೊನೆಯ ಸಾಲನ್ನು ನೋಡಿ ‘ಇಲ್ಲಿಯೇ ನಿಂತಿದೆ’ ಎಂದು ನಂಬಿ, ಸಂಬಂಧವೇ ಇಲ್ಲದ ಕೋಡಿನಲ್ಲಿ ದಿನಗಟ್ಟಲೆ ಹುಡುಕುವುದು. ಅರ್ಧ ಸಾಲಿನಲ್ಲಿ, ಪದದ ನಡುವೆಯೇ ಲಾಗ್ ತುಂಡಾಗಿದ್ದರೆ ಅದು ಬಫರ್‌ನ ಗುರುತು ಎಂದು ತಿಳಿಯಬೇಕು.

ಪರಿಹಾರ ಸುಲಭ. ಪೈಥಾನ್ ಆದರೆ ಬಿಲ್ಡ್ ಸರ್ವರ್‌ನ ಎನ್ವಿರಾನ್‌ಮೆಂಟ್‌ನಲ್ಲಿ ‘ಪೈಥಾನ್‌ಅನ್‌ಬಫರ್ಡ್’ ಎಂಬ ವೇರಿಯೇಬಲ್‌ಗೆ 1 ಕೊಟ್ಟರೆ ಸಾಕು, ಒಂದು ಸಾಲಿನ ಕೋಡನ್ನೂ ಮುಟ್ಟಬೇಕಿಲ್ಲ. ಸಿ ಪ್ರೋಗ್ರಾಮುಗಳಿಗೆ ‘ಎಸ್‌ಟಿಡಿಬಫ್’ ಎಂಬ ಕಮಾಂಡ್ ಇದೆ. ಅದು ಔಟ್‌ಪುಟ್ ಅನ್ನು ಸಾಲಿಗೊಮ್ಮೆ ಹೊರಬಿಡುವಂತೆ ಮಾಡುತ್ತದೆ. ಆದರೆ ಸಿ ಲೈಬ್ರರಿಯ ಬಫರ್ ಬಳಸುವ, ಡೈನಾಮಿಕ್ ಆಗಿ ಲಿಂಕ್ ಆದ ಪ್ರೋಗ್ರಾಮುಗಳ ಮೇಲೆ ಮಾತ್ರ ಅದರ ಆಟ ನಡೆಯುತ್ತದೆ, ಪೈಥಾನ್ ಅದಕ್ಕೆ ಬಗ್ಗುವುದಿಲ್ಲ. ಲಾಗ್ ಅನ್ನು ಪೈಪ್ ಮೂಲಕ ಬೇಕಾದ ಸಾಲು ಹುಡುಕುವ ಗ್ರೆಪ್‌ಗೆ ಕೊಟ್ಟಿದ್ದರೆ ಗ್ರೆಪ್ ಕೂಡ ತನ್ನದೇ ಬಫರ್ ಇಟ್ಟುಕೊಳ್ಳುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಅದಕ್ಕೆ ‘ಲೈನ್-ಬಫರ್ಡ್’ ಆಯ್ಕೆಯನ್ನೂ, ಸಾಲುಗಳನ್ನು ತಿದ್ದುವ ಸೆಡ್‌ಗೆ ‘ಯು’ ಆಯ್ಕೆಯನ್ನೂ ಕೊಡಬೇಕು. ಇನ್ನು ‘ಟೀ’ ಕಮಾಂಡಿನಿಂದ ಲಾಗ್ ಅನ್ನು ಫೈಲಿಗೂ ಪರದೆಗೂ ಕಳಿಸುವವರು ಶೆಲ್‌ನಲ್ಲಿ ‘ಪೈಪ್‌ಫೇಲ್’ ಆನ್ ಮಾಡಿಕೊಳ್ಳಲಿ. ಇಲ್ಲವಾದರೆ ಟೆಸ್ಟ್ ಫೇಲಾದರೂ ಟೀ ಯಶಸ್ವಿಯಾಗಿ ಮುಗಿದದ್ದನ್ನೇ ನೋಡಿ ಬಿಲ್ಡ್ ಹಸಿರಾಗುತ್ತದೆ, ಅಂದರೆ ಪಾಸಾಯಿತು ಎಂದು ತೋರಿಸುತ್ತದೆ.

ಪ್ರಿಂಟ್ ಬಿಟ್ಟು ಪೈಥಾನ್‌ನ ಲಾಗಿಂಗ್ ಮಾಡ್ಯೂಲಿನ ಫೈಲ್ ಹ್ಯಾಂಡ್ಲರ್ ಬಳಸುವುದು ಇನ್ನೂ ಒಳ್ಳೆಯದು. ಅದು ಪ್ರತಿ ದಾಖಲೆ ಬರೆದ ಕೂಡಲೇ ಫ್ಲಶ್ ಮಾಡುತ್ತದೆ, ಅಂದರೆ ಬಫರ್‌ನಿಂದ ಹೊರಗೆ ಕಳಿಸುತ್ತದೆ. ಫ್ಲಶ್ ಆದ ಸಾಲು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ವಶಕ್ಕೆ ಹೋಗುತ್ತದೆ, ಆಮೇಲೆ ಪ್ರೋಸೆಸ್ ಸತ್ತರೂ ಅದು ಫೈಲಿನಲ್ಲಿ ಉಳಿಯುತ್ತದೆ. ಇಲ್ಲಿ ಕೆಲವರು ಅತಿ ಎಚ್ಚರಿಕೆಯಿಂದ ಪ್ರತಿ ಸಾಲಿಗೂ ‘ಎಫ್‌ಸಿಂಕ್’, ಅಂದರೆ ಡಿಸ್ಕ್‌ಗೇ ಬರೆದು ಮುಗಿಸು ಎಂಬ ಆದೇಶ, ಹಾಕುತ್ತಾರೆ. ಪ್ರೋಸೆಸ್ ಸಾಯುವ ಪ್ರಸಂಗಕ್ಕೆ ಅದು ಬೇಕಿಲ್ಲ, ಟೆಸ್ಟ್‌ಗಳು ನಿಧಾನವಾಗುತ್ತವೆ ಅಷ್ಟೆ. ಇಡೀ ಯಂತ್ರವೇ ಆರಿಹೋಗುವಾಗ ಮಾತ್ರ ಎಫ್‌ಸಿಂಕ್‌ಗೆ ಬೆಲೆ. ಆಫೀಸಿನ ಮೂಲೆಯಲ್ಲಿ ಯುಪಿಎಸ್ ಇಲ್ಲದ ಒಂದು ಪಿಸಿಯನ್ನೇ ಬಿಲ್ಡ್ ಸರ್ವರ್ ಮಾಡಿಕೊಂಡಿರುವ ಕಡೆ ಕರೆಂಟ್ ಹೋದರೆ ಡಿಸ್ಕ್ ತಲುಪದ ಕೊನೆಯ ಸಾಲುಗಳು ಹೋಗುತ್ತವೆ. ಅಂಥಲ್ಲಿ ಒಂದೊಂದು ಟೆಸ್ಟ್ ಶುರುವಾಗುವಾಗ ಒಮ್ಮೆ ಎಫ್‌ಸಿಂಕ್ ಮಾಡಿದರೆ ಸಾಕು.

ಬಫರ್ ಸರಿಪಡಿಸಿದ ಮೇಲೂ ಲಾಗ್ ಕಾಣದಿದ್ದರೆ ಟೆಸ್ಟ್ ಫ್ರೇಮ್‌ವರ್ಕ್‌ನ ಕಡೆ ನೋಡಬೇಕು. ಪೈಥಾನ್ ಟೆಸ್ಟ್‌ಗಳನ್ನು ಓಡಿಸುವ ಪೈಟೆಸ್ಟ್ ಪ್ರತಿ ಟೆಸ್ಟ್‌ನ ಔಟ್‌ಪುಟ್ ಅನ್ನು ಹಿಡಿದಿಟ್ಟುಕೊಂಡು, ಟೆಸ್ಟ್ ಫೇಲಾದರೆ ಕೊನೆಗೆ ತೋರಿಸುತ್ತದೆ. ಪಾಸಾದ ಟೆಸ್ಟ್‌ಗಳ ಗದ್ದಲ ಬೇಡ ಎಂಬ ಒಳ್ಳೆಯ ಉದ್ದೇಶ ಅದರದ್ದು. ಆದರೆ ಹೊರಗಿನಿಂದ ಯಾರೋ ಪ್ರೋಸೆಸ್ ಕೊಂದರೆ ಆ ‘ಕೊನೆ’ ಬರುವುದೇ ಇಲ್ಲ. ಯಾವ ಟೆಸ್ಟ್ ಪಾಸು, ಯಾವುದು ಫೇಲು ಎಂದು ಹೇಳುವ ಜೆಯೂನಿಟ್ ಎಕ್ಸ್‌ಎಂಎಲ್ ವರದಿಯನ್ನೂ ಪೈಟೆಸ್ಟ್ ಬರೆಯುವುದು ಇಡೀ ಓಟ ಮುಗಿದ ಮೇಲೆಯೇ. ಹೀಗಾಗಿ 400 ಟೆಸ್ಟ್‌ಗಳಲ್ಲಿ 399 ಪಾಸಾಗಿ ಕೊನೆಯದೊಂದು ನಿಂತರೂ ವರದಿ ಸೊನ್ನೆ. ಪೈಟೆಸ್ಟ್‌ನ ಸೆಟ್ಟಿಂಗ್ ಫೈಲಿನಲ್ಲಿ ‘ಲಾಗ್_ಫೈಲ್’ ಎಂಬ ಆಯ್ಕೆ ಕೊಟ್ಟರೆ ಲಾಗಿಂಗ್ ಸಾಲುಗಳು ಹಿಡಿದಿಟ್ಟ ಔಟ್‌ಪುಟ್‌ನ ಹಂಗಿಲ್ಲದೆ ನೇರ ಫೈಲಿಗೆ ಹೋಗುತ್ತವೆ. ಇನ್ನೊಂದು ಅಮೂಲ್ಯ ಆಯ್ಕೆ ‘ಫಾಲ್ಟ್‌ಹ್ಯಾಂಡ್ಲರ್_ಟೈಮ್‌ಔಟ್’. ಒಂದು ಟೆಸ್ಟ್ ಇಷ್ಟು ಸೆಕೆಂಡ್ ಮೀರಿದರೆ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಓಡುವ ಎಲ್ಲ ಥ್ರೆಡ್‌ಗಳೂ ಯಾವ ಫೈಲಿನ ಯಾವ ಸಾಲಿನಲ್ಲಿ ನಿಂತಿವೆ ಎಂದು ಬರೆಯುತ್ತದೆ, ಟೆಸ್ಟ್ ಅನ್ನು ನಿಲ್ಲಿಸುವುದಿಲ್ಲ. ಎಲ್ಲ ಬಿಟ್ಟು ಒಂದೇ ಬದಲಾವಣೆ ಮಾಡುತ್ತೇವೆ ಅನ್ನುವವರಿಗೆ ನಮ್ಮ ಶಿಫಾರಸು ಇದೇ.

ಜಾವಾದವರಿಗೆ ಇದೇ ಕೆಲಸ ಜೆಸ್ಟ್ಯಾಕ್ ಮಾಡಿಕೊಡುತ್ತದೆ. ಪ್ರೋಸೆಸ್‌ಗೆ 3ನೇ ಸಿಗ್ನಲ್ (ಸಿಗ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್ ಮೂಲಕ ಹೋಗುವ, ಅಂಕಿಯಿಂದ ಗುರುತಿಸುವ ಸೂಚನೆ) ಕಳಿಸಿದರೂ ಥ್ರೆಡ್‌ಗಳ ಚಿತ್ರ ಔಟ್‌ಪುಟ್‌ಗೆ ಬರುತ್ತದೆ, ಜಾವಾ ಓಡಿಸುವ ಜೆವಿಎಂ ಸಾಯುವುದಿಲ್ಲ. ಜಾವಾದಲ್ಲಿ ಎಚ್ಚರ ವಹಿಸಬೇಕಾದದ್ದು ಸಾಲುಗಳನ್ನು ಸರದಿಯಲ್ಲಿಟ್ಟು ಆಮೇಲೆ ಬರೆಯುವ ಅಸಿಂಕ್ ಲಾಗರ್ ಬಗ್ಗೆ. ಲಾಗ್‌ಬ್ಯಾಕ್‌ನ ಅಸಿಂಕ್ ಅಪೆಂಡರ್ 256 ದಾಖಲೆಗಳ ಸರದಿ ಇಟ್ಟುಕೊಳ್ಳುತ್ತದೆ. ಅದು ಶೇ 80ರಷ್ಟು ತುಂಬಿದ ಮೇಲೆ ಟ್ರೇಸ್, ಡಿಬಗ್, ಇನ್ಫೋ ಮಟ್ಟದ ಸಾಲುಗಳನ್ನು ಹೇಳದೆ ಕೇಳದೆ ಬಿಸಾಡುತ್ತದೆ. ಟೆಸ್ಟ್‌ಗಳಿಗೆ ಅಸಿಂಕ್ ಬೇಡ, ನೇರ ಬರೆಯುವ ಅಪೆಂಡರ್ ಇರಲಿ. ಗೋ ಭಾಷೆ ಈ ವಿಷಯದಲ್ಲಿ ಎಲ್ಲರಿಗಿಂತ ಮುಂದಿದೆ: ತಾನಾಗಿಯೇ 10 ನಿಮಿಷದ ಗಡುವು ಇಟ್ಟುಕೊಂಡು, ಮೀರಿದರೆ ಎಲ್ಲ ಗೋರುಟೀನ್‌ಗಳ (ಗೋ ಭಾಷೆಯ ಹಗುರ ಥ್ರೆಡ್‌ಗಳ) ಸ್ಟ್ಯಾಕ್, ಅಂದರೆ ಯಾವ ಕರೆಗಳ ಮೂಲಕ ಎಲ್ಲಿ ನಿಂತಿವೆ ಎಂಬ ಪಟ್ಟಿ, ಬರೆದು ಸಾಯುತ್ತದೆ. ಆದರೆ ಕ್ಲೀನಪ್ ಫಂಕ್ಷನ್‌ಗಳು ಆಗ ಓಡುವುದಿಲ್ಲ, ಅಲ್ಲಿ ಲಾಗ್ ಬರೆಯುವ ಕೋಡ್ ಇಟ್ಟವರಿಗೆ ನಿರಾಶೆಯೇ.

ಪ್ರೋಸೆಸ್ ಅನ್ನು ಹೇಗೆ ಕೊಲ್ಲುತ್ತೇವೆ ಎಂಬುದಕ್ಕೂ ಮಹತ್ವವಿದೆ. 9ನೇ ಸಿಗ್ನಲ್, ಅಂದರೆ ಸಿಗ್‌ಕಿಲ್, ಬಂದರೆ ಯಾವ ಪ್ರೋಗ್ರಾಮೂ ಒಂದು ಅಕ್ಷರ ಬರೆಯಲಾರದು. 15ನೆಯದು, ಸಿಗ್‌ಟರ್ಮ್, ಸೌಮ್ಯ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಹ್ಯಾಂಡ್ಲರ್ ಬರೆದಿಲ್ಲದಿದ್ದರೆ ಪೈಥಾನ್ ಪ್ರೋಗ್ರಾಮ್ ಸಿಗ್‌ಟರ್ಮ್‌ಗೂ ಫೈನಲಿ ಬ್ಲಾಕ್ ಓಡಿಸದೆ, ಬಫರ್ ಫ್ಲಶ್ ಮಾಡದೆ ನಿಂತಲ್ಲೇ ಸಾಯುತ್ತದೆ. ಪೈಥಾನ್‌ಗೆ ಸಿಗ್‌ಇಂಟ್, ಅಂದರೆ ನಾವು ಕಂಟ್ರೋಲ್-ಸಿ ಒತ್ತಿದಾಗ ಹೋಗುವ 2ನೇ ಸಿಗ್ನಲ್, ಹೆಚ್ಚು ಉಪಕಾರಿ. ಅದು ಕೀಬೋರ್ಡ್‌ಇಂಟರಪ್ಟ್ ಆಗಿ ಬರುವುದರಿಂದ ಪೈಟೆಸ್ಟ್ ತನ್ನ ಓಟವನ್ನು ಕ್ರಮವಾಗಿ ಮುಗಿಸಿ ವರದಿ ಬರೆಯುತ್ತದೆ. ಆದ್ದರಿಂದ ಗ್ನೂ ‘ಟೈಮ್‌ಔಟ್’ ಕಮಾಂಡಿನಲ್ಲಿ ಪೈಟೆಸ್ಟ್ ಓಡಿಸುವವರು 20 ನಿಮಿಷದ ಗಡುವಿನ ಜೊತೆಗೆ ಸಿಗ್ನಲ್ ಆಯ್ಕೆಯಲ್ಲಿ ‘ಇಂಟ್’, ಕಿಲ್-ಆಫ್ಟರ್ ಆಯ್ಕೆಯಲ್ಲಿ 30 ಸೆಕೆಂಡ್ ಕೊಡಲಿ. ಮಾತು ಕೇಳಿದರೆ ಕೇಳಿತು, ಇಲ್ಲವಾದರೆ 30 ಸೆಕೆಂಡಿನ ನಂತರ ಸಿಗ್‌ಕಿಲ್ ಇದ್ದೇ ಇದೆ.

ಪ್ರೋಸೆಸ್ ಮುಗಿಯುವಾಗ ಬಿಟ್ಟುಹೋಗುವ ಅಂಕಿಯಾದ ಎಕ್ಸಿಟ್ ಕೋಡ್ ಓದಲು ವಿದ್ಯಾರ್ಥಿಗಳಿಗೆ ಕಲಿಸಬೇಕು. ಟೈಮ್‌ಔಟ್ ಕಮಾಂಡ್ ಗಡುವು ಮುಗಿಸಿದರೆ 124 ಬರುತ್ತದೆ. 143 ಎಂದರೆ 128ಕ್ಕೆ 15 ಕೂಡಿದ್ದು, ಸಿಗ್‌ಟರ್ಮ್. 137 ಎಂದರೆ 128ಕ್ಕೆ 9 ಕೂಡಿದ್ದು, ಸಿಗ್‌ಕಿಲ್. ಈ 137 ನೋಡಿದ ಕೂಡಲೇ ಟೈಮ್‌ಔಟ್ ಎಂದು ತೀರ್ಮಾನಿಸಬಾರದು. ಮೆಮೊರಿ ಸಾಲದೆ ಕರ್ನಲ್ಲೇ ಪ್ರೋಸೆಸ್ ಕೊಂದಾಗಲೂ ಅದೇ ಅಂಕಿ. ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನಲ್ಲಿ ‘ಔಟ್ ಆಫ್ ಮೆಮೊರಿ’ ಎಂಬ ಸಾಲು ಇದೆಯೇ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಪ್ರೋಗ್ರಾಮನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಡಾಕರ್ ಒಳಗೆ ಟೆಸ್ಟ್ ಓಡಿಸುವವರಿಗೆ ಇನ್ನೊಂದು ತೊಡಕು. ಡಾಕರ್ ಸ್ಟಾಪ್ ಮೊದಲು ಸಿಗ್‌ಟರ್ಮ್ ಕಳಿಸಿ 10 ಸೆಕೆಂಡ್ ಕಾದು ಸಿಗ್‌ಕಿಲ್ ಹಾಕುತ್ತದೆ. ಹಲವು ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟಿಸ್‌ನಲ್ಲಿ ಈ ಕಾಯುವಿಕೆ 30 ಸೆಕೆಂಡ್. ಕಂಟೇನರ್ ಶುರುವಾದಾಗ ಓಡುವ ಕಮಾಂಡ್ ಆದ ಎಂಟ್ರಿಪಾಯಿಂಟ್ ಅನ್ನು ಶೆಲ್ ರೂಪದಲ್ಲಿ ಬರೆದಿದ್ದರೆ ಎಷ್ಟೋ ಸಲ ಸಿಗ್ನಲ್ ಶೆಲ್‌ಗೆ ತಲುಪುತ್ತದೆ, ಟೆಸ್ಟ್‌ಗೆ ತಲುಪುವುದೇ ಇಲ್ಲ. ಕಂಟೇನರ್‌ನಲ್ಲಿ ಮೊದಲು ಶುರುವಾಗುವ 1ನೇ ನಂಬರಿನ ಪ್ರೋಸೆಸ್ ಹ್ಯಾಂಡ್ಲರ್ ಇಲ್ಲದಿದ್ದರೆ ಸಿಗ್‌ಟರ್ಮ್ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಂಟ್ರಿಪಾಯಿಂಟ್ ಅನ್ನು ಪಟ್ಟಿಯ ರೂಪದಲ್ಲಿ ಬರೆದು, ಓಡಿಸುವಾಗ ‘ಇನಿಟ್’ ಆಯ್ಕೆ ಸೇರಿಸಿದರೆ ಎರಡೂ ಬಗೆಹರಿಯುತ್ತವೆ. ಲಾಗ್ ಫೈಲ್ ಕಂಟೇನರ್‌ನ ಒಳಗೇ ಇದ್ದು, ‘ಆರ್‌ಎಂ’ ಆಯ್ಕೆಯಿಂದ ಕಂಟೇನರ್ ಅಳಿದರೆ ಎಷ್ಟು ಚೆನ್ನಾಗಿ ಬರೆದ ಲಾಗ್ ಇದ್ದರೂ ವ್ಯರ್ಥ. ಹೊರಗಿನ ಫೋಲ್ಡರ್ ಒಂದನ್ನು ಮೌಂಟ್ ಮಾಡಿ ಅಲ್ಲಿಗೇ ಬರೆಸಬೇಕು. ಡೇಟಾಬೇಸ್ ಕಂಟೇನರ್‌ನ ಲಾಗ್ ಅನ್ನೂ ಕಂಪೋಸ್ ಡೌನ್ ಮಾಡುವ ಮುಂಚೆ ಫೈಲಿಗೆ ಇಳಿಸಿಕೊಳ್ಳಿ. ಟೆಸ್ಟ್ ನಿಂತ ಕಾರಣ ಎಷ್ಟೋ ಸಲ ಟೆಸ್ಟ್‌ನ ಲಾಗ್‌ನಲ್ಲಿ ಇರದೆ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಲಾಕ್ ಕಾಯುವಿಕೆಯಲ್ಲಿ, ಅಂದರೆ ಬೇರೊಬ್ಬರು ಹಿಡಿದಿಟ್ಟ ಮಾಹಿತಿಗಾಗಿ ಕಾಯುವುದರಲ್ಲಿ, ಇರುತ್ತದೆ.

ಮಕ್ಕಳ ಪ್ರೋಸೆಸ್‌ಗಳ, ಅಂದರೆ ಒಂದು ಪ್ರೋಸೆಸ್ ಶುರುಮಾಡಿದ ಇನ್ನೊಂದರ, ಗೊಂದಲವಂತೂ ಬೇರೆಯೇ. ಪೈಥಾನ್‌ನ ಸಬ್‌ಪ್ರೋಸೆಸ್ ರನ್‌ಗೆ 60 ಸೆಕೆಂಡ್ ಗಡುವು ಕೊಟ್ಟು, ಶೆಲ್ ಮೂಲಕ ಓಡಿಸಿದ್ದೀರಿ ಅನ್ನೋಣ. 60 ಸೆಕೆಂಡಿಗೆ ಸಾಯುವುದು ಶೆಲ್ ಮಾತ್ರ. ಅದರ ಮಗ ಪೈಪಿನ ತುದಿ ಹಿಡಿದುಕೊಂಡು ಬದುಕಿರುತ್ತಾನೆ, ಹಳೆಯ ಪೈಥಾನ್ ಆವೃತ್ತಿಗಳು ಆ ಪೈಪ್ ಮುಚ್ಚಲಿ ಎಂದು ಕಾಯುತ್ತಲೇ ಇರುತ್ತಿದ್ದವು. ಗಡುವು ಇಟ್ಟ ಜಾಗವೇ ಗಡುವು ಮೀರಿ ನಿಲ್ಲುತ್ತಿತ್ತು; ಲಿನಕ್ಸ್‌ನಲ್ಲಿ ಹೊಸ ಆವೃತ್ತಿಗಳು ಹಾಗೆ ಕಾಯುವುದಿಲ್ಲ, ಆದರೆ ಆ ಮಗ ಬದುಕಿಯೇ ಇರುತ್ತಾನೆ. ಹೊಸ ಸೆಷನ್‌ನಲ್ಲಿ ಪ್ರೋಸೆಸ್ ಶುರುಮಾಡಿ, ಗಡುವು ಮುಗಿದಾಗ ಇಡೀ ಪ್ರೋಸೆಸ್ ಗುಂಪಿಗೇ ಸಿಗ್ನಲ್ ಕಳಿಸುವುದು ಸರಿಯಾದ ದಾರಿ. ‘ಟೈಮ್‌ಔಟ್‌ಎಕ್ಸ್‌ಪೈರ್ಡ್’ ಎಕ್ಸೆಪ್ಷನ್ ಹಿಡಿದಾಗ ಅದರೊಳಗಿನ ಔಟ್‌ಪುಟ್ ಅನ್ನು ಲಾಗ್‌ಗೆ ಬರೆಯದೆ ಬಿಡಬೇಡಿ, ಅಲ್ಲಿಯವರೆಗೆ ಬಂದದ್ದು ಅದರಲ್ಲಿ ಇರುತ್ತದೆ. ಇನ್ನೊಂದು ಪ್ರಸಂಗದಲ್ಲಿ ಲಾಗೇ ಟೈಮ್‌ಔಟ್‌ಗೆ ಕಾರಣವಾಗುತ್ತದೆ. ಲಿನಕ್ಸ್‌ನ ಪೈಪ್ ಹಿಡಿಯುವುದು ಸಾಮಾನ್ಯವಾಗಿ 65,536 ಬೈಟ್. ಮಗನ ಔಟ್‌ಪುಟ್ ಅನ್ನು ಪೈಪ್‌ಗೆ ಕಟ್ಟಿ, ಅದನ್ನು ಓದದೆ ಬರೀ ‘ವೇಟ್’ ಕರೆದು ಕೂತರೆ ಪೈಪ್ ತುಂಬಿದ ಕೂಡಲೇ ಮಗ ನಿಲ್ಲುತ್ತಾನೆ. ಅಪ್ಪ ಮಗನಿಗಾಗಿ, ಮಗ ಅಪ್ಪನಿಗಾಗಿ ಕಾಯುತ್ತಾರೆ. ಡಿಬಗ್ ಲಾಗ್ ಆನ್ ಮಾಡಿದಾಗ ಮಾತ್ರ ಟೆಸ್ಟ್ ನಿಲ್ಲುತ್ತದೆ ಎಂದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ.

ಇಷ್ಟೆಲ್ಲ ಆದ ಮೇಲೆ ಲಾಗ್ ಕಳೆಯುವ ಕೊನೆಯ ಜಾಗ ಬಿಲ್ಡ್ ಸೇವೆ, ಅಂದರೆ ಗಿಟ್‌ಹಬ್, ಗಿಟ್‌ಲ್ಯಾಬ್, ಜೆಂಕಿನ್ಸ್‌ನಂತೆ ಟೆಸ್ಟ್‌ಗಳನ್ನು ಜಾಬ್ ಎಂಬ ಕೆಲಸವಾಗಿ ಓಡಿಸಿಕೊಡುವ ವ್ಯವಸ್ಥೆ. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಒಂದು ಜಾಬ್‌ಗೆ ನಾವೇನೂ ಹೇಳದಿದ್ದರೆ ಗಡುವು 360 ನಿಮಿಷ. ಆರು ಗಂಟೆ ಒಂದು ನಿಂತ ಟೆಸ್ಟ್‌ಗಾಗಿ ಯಂತ್ರ ಕಾಯುತ್ತದೆ. ಜಾಬ್ ಮಟ್ಟದ ಗಡುವು ಮುಗಿದರೆ ಅದು ರದ್ದಾದ ಜಾಬ್ ಅನ್ನಿಸಿಕೊಳ್ಳುತ್ತದೆ. ಆಗ ‘ಫೇಲಾದರೆ ಮಾತ್ರ’ ಎಂಬ ಷರತ್ತಿನ ಮೇಲೆ ಬರೆದ ಲಾಗ್ ಅಪ್‌ಲೋಡ್ ಹಂತ ಓಡುವುದಿಲ್ಲ. ಷರತ್ತನ್ನು ‘ಆಲ್ವೇಸ್’ ಎಂದು ಬದಲಿಸಬೇಕು, ಮೇಲಾಗಿ ಗಡುವನ್ನು ಟೆಸ್ಟ್ ಓಡಿಸುವ ಹಂತಕ್ಕೇ ಹಾಕಬೇಕು. ರದ್ದಾಗುವಾಗ ಜಾಬ್ ಓಡಿಸುವ ರನ್ನರ್ ಮೊದಲು ಸಿಗ್‌ಇಂಟ್ ಕಳಿಸುತ್ತದೆ, ಏಳೂವರೆ ಸೆಕೆಂಡ್ ಬಿಟ್ಟು ಸಿಗ್‌ಟರ್ಮ್, ಅದಾಗಿ ಎರಡೂವರೆ ಸೆಕೆಂಡಿಗೆ ಕೊಂದುಬಿಡುತ್ತದೆ. ಒಟ್ಟು 10 ಸೆಕೆಂಡಿನಲ್ಲಿ ಮುಗಿಯದ ಯಾವ ಉಳಿಸುವ ಕೆಲಸವನ್ನೂ ಅಲ್ಲಿಗೆ ಇಡಬಾರದು.

ಗಿಟ್‌ಲ್ಯಾಬ್‌ನಲ್ಲಿ ನಾವೇನೂ ಹೇಳದಿದ್ದರೆ ಜಾಬ್ ಗಡುವು ಒಂದು ಗಂಟೆ. ಜಾಬ್ ಮುಗಿದ ಮೇಲೆ ಉಳಿಸಿಡುವ ಫೈಲುಗಳಾದ ಆರ್ಟಿಫ್ಯಾಕ್ಟ್‌ಗಳಿಗೆ ‘ಆಲ್ವೇಸ್’ ಎಂದು ಬರೆದಿದ್ದರೂ ಇಡೀ ಜಾಬ್ ಟೈಮ್‌ಔಟ್ ಆದರೆ ಅಪ್‌ಲೋಡ್‌ಗೆ ಸಮಯವೇ ಉಳಿದಿರುವುದಿಲ್ಲ. ಅದಕ್ಕೆಂದೇ ‘ರನ್ನರ್_ಸ್ಕ್ರಿಪ್ಟ್_ಟೈಮ್‌ಔಟ್’ ಎಂಬ ವೇರಿಯೇಬಲ್ ಬಂದಿದೆ. ಜಾಬ್‌ಗೆ 35 ನಿಮಿಷ ಇದ್ದರೆ ಸ್ಕ್ರಿಪ್ಟ್‌ಗೆ 25 ಕೊಡಿ, ಉಳಿದ ಹತ್ತು ಲಾಗ್ ಸಾಗಿಸಲು. ಗಿಟ್‌ಲ್ಯಾಬ್ ರನ್ನರ್ ಪರದೆಯ ಲಾಗ್ ಅನ್ನು ಸಾಮಾನ್ಯವಾಗಿ 4 ಎಂಬಿಗೆ ಕತ್ತರಿಸುತ್ತದೆ. ಕತ್ತರಿ ಬೀಳುವುದು ಕೊನೆಯ ಭಾಗಕ್ಕೆ, ನಮಗೆ ಬೇಕಾದ ಭಾಗಕ್ಕೇ. ಜೆಂಕಿನ್ಸ್ ಬಳಸುವವರು ‘ಪೋಸ್ಟ್ ಆಲ್ವೇಸ್’ ಬ್ಲಾಕ್‌ನಲ್ಲಿ ಆರ್ಕೈವ್ ಇಟ್ಟರೆ ಸಾಕು.

ಈ ಎಲ್ಲದರ ತಿರುಳು ಒಂದೇ: ಒಳಗಿನ ಗಡುವು ಹೊರಗಿನ ಗಡುವಿಗಿಂತ ಮೊದಲು ಮುಗಿಯಬೇಕು. ಹೊರಗಿನವನಿಗೆ ಕೊಲ್ಲುವುದು ಮಾತ್ರ ಗೊತ್ತು. ಏನಾಗಿತ್ತು ಎಂದು ಹೇಳಬಲ್ಲವನು ಒಳಗಿನವನೇ, ಅವನಿಗೆ ಹೇಳುವಷ್ಟು ಸಮಯ ಸಿಗಬೇಕು. ತೂಕದ ಕಾಟಾದ ಸಾಫ್ಟ್‌ವೇರನ್ನೇ ಹಿಡಿದು ನೋಡೋಣ. ಕಾಟಾದ ಇಂಡಿಕೇಟರ್ ಸೀರಿಯಲ್ ಕೇಬಲ್ ಮೂಲಕ ತೂಕವನ್ನು ಕಂಪ್ಯೂಟರಿಗೆ ಕಳಿಸುತ್ತದೆ. ಟೆಸ್ಟ್ ಮಾಡುವಾಗ ನಿಜವಾದ ಇಂಡಿಕೇಟರ್ ಬೇಕಿಲ್ಲ, ಸೊಕ್ಯಾಟ್ ಎಂಬ ಕಮಾಂಡಿನಿಂದ ಒಂದು ಜೋಡಿ ಹುಸಿ ಸೀರಿಯಲ್ ಪೋರ್ಟ್ ಮಾಡಿಕೊಂಡು ಒಂದು ತುದಿಯಿಂದ ತೂಕ ಕಳಿಸಿ ಇನ್ನೊಂದು ತುದಿಯಲ್ಲಿ ಓದಬಹುದು. ಓದುವ ಕೋಡ್ ಸೀರಿಯಲ್ ಪೋರ್ಟ್‌ಗಾಗಿ ಇರುವ ಪೈಥಾನ್ ಲೈಬ್ರರಿ ಪೈಸೀರಿಯಲ್‌ನ ರೀಡ್‌ಲೈನ್ ಬಳಸುತ್ತದೆ ಅನ್ನೋಣ. ಪೈಸೀರಿಯಲ್‌ಗೆ ನಾವು ಗಡುವು ಕೊಡದಿದ್ದರೆ ಅದು ಎಂದೆಂದಿಗೂ ಕಾಯುತ್ತದೆ. ರೀಡ್‌ಲೈನ್ ಕಾಯುವುದು ಹೊಸ ಸಾಲಿನ ಗುರುತಾದ, 10 ಎಂಬ ಅಂಕಿಯ ಬೈಟಿಗಾಗಿ. ಎದುರಿನ ಯಂತ್ರ ಕ್ಯಾರೇಜ್ ರಿಟರ್ನ್, ಅಂದರೆ 13 ಎಂಬ ಅಂಕಿಯ ಬೈಟ್ ಮಾತ್ರ ಕೊನೆಗೆ ಕಳಿಸಿ ಸುಮ್ಮನಾದರೆ ತೂಕ ಪೂರ್ತಿ ಬಂದಿದ್ದರೂ ಕೋಡ್ ಅಲ್ಲಿಯೇ ನಿಲ್ಲುತ್ತದೆ. ಪರದೆಯಲ್ಲಿ ಏನೂ ಇಲ್ಲ, ಲಾಗ್‌ನಲ್ಲಿ ಏನೂ ಇಲ್ಲ, 360 ನಿಮಿಷದ ನಂತರ ‘ಅವಧಿ ಮೀರಿತು’.

ಅದೇ ಕೋಡಿಗೆ 2 ಸೆಕೆಂಡಿನ ಗಡುವು ಕೊಟ್ಟು ನೋಡಿ. ರೀಡ್‌ಲೈನ್ ಆಗ ಅಲ್ಲಿಯವರೆಗೆ ಬಂದ ಬೈಟ್‌ಗಳನ್ನೇ ಹಿಂತಿರುಗಿಸುತ್ತದೆ. ಅವುಗಳ ಅಂಕಿಗಳನ್ನು ಲಾಗ್‌ಗೆ ಬರೆದರೆ ಕೊನೆಯಲ್ಲಿ 13 ಇದೆ, 10 ಇಲ್ಲ ಎಂದು ಕಣ್ಣಿಗೆ ಕಾಣುತ್ತದೆ. ‘ರೀಡ್_ಅಂಟಿಲ್’ ಬಳಸಿ 13ನ್ನು ಕೊನೆಯ ಗುರುತು ಎಂದು ಹೇಳಿದರೆ ಸಮಸ್ಯೆ ಮುಗಿಯಿತು. ಎರಡು ಸೆಕೆಂಡಿನ ಗಡುವು ಕೊಟ್ಟ ಉತ್ತರವನ್ನು ಆರು ಗಂಟೆಯ ಗಡುವು ಕೊಡಲಾರದು.

ಕಾಯುವುದಕ್ಕೆ ಮಿತಿಯೇ ಇಲ್ಲದ ಇಂಥ ಜಾಗಗಳು ಬಹಳ. ವೆಬ್ ಸರ್ವರ್‌ಗಳನ್ನು ಕೇಳಲು ಬಳಸುವ ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಗೆ ತಾನಾಗಿ ಟೈಮ್‌ಔಟ್ ಇಲ್ಲ. ಗೋ ಭಾಷೆಯ ಎಚ್‌ಟಿಟಿಪಿ ಕ್ಲೈಂಟ್‌ಗೂ ಇಲ್ಲ. ಪೋಸ್ಟ್‌ಗ್ರೆಸ್‌ನ ಲಾಕ್_ಟೈಮ್‌ಔಟ್ ಮತ್ತು ಸ್ಟೇಟ್‌ಮೆಂಟ್_ಟೈಮ್‌ಔಟ್ ಎರಡೂ ಸೊನ್ನೆ, ಅಂದರೆ ಮಿತಿಯಿಲ್ಲ. ಟೆಸ್ಟ್ ಡೇಟಾಬೇಸ್‌ಗೆ ಲಾಕ್_ಟೈಮ್‌ಔಟ್ 5 ಸೆಕೆಂಡ್ ಇಟ್ಟು, ಲಾಗ್_ಲಾಕ್_ವೇಟ್ಸ್ ಆನ್ ಮಾಡಿದರೆ ಯಾರು ಯಾರ ಲಾಕ್‌ಗೆ ಕಾಯುತ್ತಿದ್ದರು ಎಂಬುದೂ ಬರುತ್ತದೆ. ಹೀಗೆ ಒಂದು ಓದು 2 ಸೆಕೆಂಡ್, ಒಂದು ಲಾಕ್ 5 ಸೆಕೆಂಡ್, ಒಂದು ಟೆಸ್ಟ್ 60 ಸೆಕೆಂಡ್, ಇಡೀ ಓಟ 20 ನಿಮಿಷ, ಬಿಲ್ಡ್ ಹಂತ 25 ನಿಮಿಷ, ಜಾಬ್ 35 ನಿಮಿಷ ಎಂದು ಒಂದರೊಳಗೊಂದು ಗಡುವು ಇರಲಿ. ಅಂಕಿಗಳು ಅವರವರ ಕೆಲಸಕ್ಕೆ ತಕ್ಕಂತೆ ಬದಲಾಗಬಹುದು, ಕ್ರಮ ಬದಲಾಗಬಾರದು. ಒಂದು ಟೆಸ್ಟ್‌ನ ಗಡುವಿಗೆ ಪೈಟೆಸ್ಟ್-ಟೈಮ್‌ಔಟ್ ಪ್ಲಗಿನ್ ಇದೆ. ಅದರ ಸಿಗ್ನಲ್ ವಿಧಾನದಲ್ಲಿ ಆ ಟೆಸ್ಟ್ ಮಾತ್ರ ಫೇಲಾಗಿ ಉಳಿದವು ಮುಂದುವರಿಯುತ್ತವೆ. ಥ್ರೆಡ್ ವಿಧಾನದಲ್ಲಿ ಹಿಡಿದಿಟ್ಟ ಔಟ್‌ಪುಟ್ ಮತ್ತು ಎಲ್ಲ ಸ್ಟ್ಯಾಕ್‌ಗಳನ್ನು ಬರೆದು ಇಡೀ ಪ್ರೋಸೆಸ್ ನಿಲ್ಲುತ್ತದೆ, ಎಕ್ಸ್‌ಎಂಎಲ್ ವರದಿ ಬರುವುದಿಲ್ಲ. ವಿಂಡೋಸ್‌ನಲ್ಲಿ ಸಿಗ್ನಲ್ ವಿಧಾನ ನಡೆಯದ ಕಾರಣ ಎರಡನೆಯದೇ ಗತಿ.

ಲಾಗ್ ಬರೆಯುವ ರೀತಿಯ ಬಗ್ಗೆಯೂ ಒಂದು ಮಾತು. ಹೆಚ್ಚಿನವರು ಕೆಲಸ ಮುಗಿದ ಮೇಲೆ ‘ಆಯಿತು’ ಎಂದು ಬರೆಯುತ್ತಾರೆ. ಮುಗಿಯದ ಕೆಲಸ ಹಾಗಾಗಿ ಲಾಗ್‌ನಲ್ಲಿ ಬರುವುದೇ ಇಲ್ಲ. ಕಾಯಲು ಶುರುಮಾಡುವ ಮುಂಚೆಯೇ ಏನಕ್ಕಾಗಿ, ಯಾರಿಂದ, ಎಷ್ಟು ಹೊತ್ತು ಕಾಯುತ್ತಿದ್ದೇವೆ ಎಂದು ಬರೆಯಬೇಕು. ಪ್ರತಿ ಸಾಲಿಗೂ ಸಮಯ ಇರಲಿ, ಅದರ ವಲಯವೂ ಇರಲಿ. ಬಿಲ್ಡ್ ಸರ್ವರ್‌ಗಳು ಸಾಮಾನ್ಯವಾಗಿ ಜಾಗತಿಕ ಕಾಲಮಾನವಾದ ಯುಟಿಸಿಯಲ್ಲಿ ನಡೆಯುತ್ತವೆ, ನಮ್ಮ ಕಾರ್ಖಾನೆಯ ಕಂಪ್ಯೂಟರ್ ಭಾರತೀಯ ಕಾಲಮಾನದಲ್ಲಿ. ಐದೂವರೆ ಗಂಟೆಯ ವ್ಯತ್ಯಾಸ ಮರೆತು ಎರಡು ಲಾಗ್ ಹೋಲಿಸಿದರೆ ಇಲ್ಲದ ದೋಷವೂ ಕಾಣುತ್ತದೆ. ಖಾತೆ ಸಂಖ್ಯೆ, ಆಧಾರ್, ಪಾಸ್‌ವರ್ಡ್‌ಗಳನ್ನು ಲಾಗ್‌ಗೆ ಬಿಡಬೇಡಿ. ಟೆಸ್ಟ್‌ಗೆ ನಿಜವಾದ ರೈತರ, ಸದಸ್ಯರ ಮಾಹಿತಿ ಬಳಸುವುದೇ ತಪ್ಪು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವ ಊರು ನಮ್ಮದು. ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿಯುವ ವಿದ್ಯಾರ್ಥಿಗಳು ತ್ರಿಕೋನದ ಪ್ರಶ್ನೆ, ಬೌಂಡರಿ ವ್ಯಾಲ್ಯೂ ಎಲ್ಲವನ್ನೂ ಚೆನ್ನಾಗಿ ಮಾಡುತ್ತಾರೆ. ಆ ಪ್ರೋಗ್ರಾಮುಗಳು ಎಂದೂ ನಿಲ್ಲುವುದಿಲ್ಲ, ಆದ್ದರಿಂದ ನಿಂತ ಟೆಸ್ಟ್ ಅನ್ನು ಪರೀಕ್ಷಿಸುವ ಅಭ್ಯಾಸವೇ ಅವರಿಗೆ ಬರುವುದಿಲ್ಲ. ಈ ಮೂರೂ ಜಿಲ್ಲೆಗಳ ಕಾಲೇಜುಗಳ ಅಧ್ಯಾಪಕರಲ್ಲಿ ನಮ್ಮ ಕೋರಿಕೆ: ಲ್ಯಾಬ್‌ನಲ್ಲಿ ಒಂದು ಅವಧಿಯನ್ನು ಇದಕ್ಕೆಂದೇ ಇಡಿ. ಹತ್ತು ಸಾಲು ಪ್ರಿಂಟ್ ಮಾಡಿ 3,600 ಸೆಕೆಂಡ್ ನಿದ್ದೆ ಹೋಗುವ ಒಂದು ಟೆಸ್ಟ್ ಬರೆಸಿ, ಹೊರಗಿನಿಂದ 60 ಸೆಕೆಂಡಿನ ಗಡುವು ಹಾಕಿಸಿ, ಔಟ್‌ಪುಟ್ ಅನ್ನು ಫೈಲಿಗೆ ಕಳಿಸಿ. ಎಷ್ಟು ಸಾಲು ಉಳಿದವು ಎಂದು ಎಣಿಸಲಿ. ಬಫರ್ ಬದಲಿಸಿ ಮತ್ತೆ ಎಣಿಸಲಿ, ಸಿಗ್‌ಕಿಲ್ ಬದಲು ಸಿಗ್‌ಇಂಟ್ ಹಾಕಿ ಮತ್ತೆ ನೋಡಲಿ, ಡಾಕರ್ ಒಳಗೆ ಒಮ್ಮೆ ಓಡಿಸಲಿ. ಕಂಪನಿಗಳೂ ಹೊಸ ಬಿಲ್ಡ್ ವ್ಯವಸ್ಥೆ ಕಟ್ಟಿದ ದಿನ ಇದೇ ಟೆಸ್ಟ್ ಅನ್ನು ಬೇಕೆಂದೇ ಸೇರಿಸಿ, ಡೌನ್‌ಲೋಡ್ ಮಾಡಿದ ಲಾಗ್ ಫೈಲಿನಲ್ಲಿ ಹತ್ತನೇ ಸಾಲು ಮತ್ತು ನಿದ್ದೆ ಹೋದ ಸಾಲಿನ ಸ್ಟ್ಯಾಕ್ ಎರಡೂ ಇವೆಯೇ ಎಂದು ನೋಡಲಿ. ಇಲ್ಲದಿದ್ದರೆ ಆ ವ್ಯವಸ್ಥೆಯನ್ನು ಬಳಕೆಗೆ ಬಿಡುವ ಮುಂಚೆಯೇ ಸರಿಪಡಿಸಬೇಕು.

ಇಂತಿ,
ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿರುವ ಓದುಗರು
ಬೆಳಗಾವಿ